ಹೆಸರು ಹೇಳದೆ ಶರಣು ಹೇಳುತ್ತಿದ್ದೇವೆ

ಇವತ್ತು ಆಗಸ್ಟ್ 1. ಇಳಕಲ್ಲಿನ ಮಹಾಂತ ಶ್ರೀಗಳ ಜನ್ಮದಿನ, ರಾಜ್ಯಕ್ಕೆಲ್ಲ ವ್ಯಸನಮುಕ್ತ ದಿನ. ಚಟ ಬಿಡುವವರಿಗೆ ಕೈಜೋಡಿಸುವ ನಮ್ಮ ಓಣಿಯ ಗುಂಪಿಗೂ ವರ್ಷ ತುಂಬಿತು. ಹೆಸರು ಹಿಡಿದು ನೆನೆದರೆ ಮನೆಮನೆಯ ಗುಟ್ಟು ಬಯಲಾದೀತು, ಅದಕ್ಕೇ ಮಾಡಿದ ಕೆಲಸವನ್ನಷ್ಟೇ ನೆನೆಯುತ್ತೇವೆ.

ಮೊದಲ ಶರಣು, ಕುಡಿತ ಬಿಡುತ್ತೇನೆಂದು ಆಣೆ ಮಾಡಿದವರನ್ನು ಅದೇ ದಿನ ಡಾಕ್ಟರ ಹತ್ತಿರ ಕರೆದೊಯ್ದ ಹಿರಿಯರಿಗೆ. ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಲು ಶ್ರೀಗಳು 1975ರಲ್ಲಿ ಶುರು ಮಾಡಿದ ಮಹಾಂತ ಜೋಳಿಗೆಗೆ ಚಟ ಹಾಕಿ ಗೆದ್ದವರು ಈ ಸೀಮೆಯಲ್ಲಿ ಬಹಳ ಮಂದಿ. ಆದರೆ ಬೆಳಗ್ಗೆ ಎದ್ದ ಕೂಡಲೇ ಕುಡಿಯುವಷ್ಟು ಮುಂದುವರಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಮೈ ನಡುಗಿ, ಇಲ್ಲದ್ದು ಕಂಡು, ಜೀವಕ್ಕೇ ಕುತ್ತು ಬರುವುದೂ ಉಂಟು. ಗಾಳಿ ಸೋಕಿದೆ ಅಂತ ತಾಯತ ಕಟ್ಟುತ್ತ ಕೂತರೆ ಹೊತ್ತು ಮೀರುತ್ತದೆ. ಆಣೆಯೂ ಇರಲಿ, ಗುಳಿಗೆಯೂ ಇರಲಿ.

ಔಷಧಿ ಅಂಗಡಿಯವರಿಗೆ ಶರಣು. ನಿದ್ದೆ ಗುಳಿಗೆ, ಟ್ರಾಮಡಾಲ್ ಎಂಬ ನೋವಿನ ಗುಳಿಗೆ ಕೊಡುವಾಗ ಚೀಟಿ ನೋಡಿ, ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದು, ಇಂಥ ಔಷಧಿಗೆಂದೇ ಇರುವ ಆ ಎಚ್1 ರಿಜಿಸ್ಟರನ್ನು 3 ವರ್ಷ ಇಡಬೇಕೆನ್ನುವುದು ಕಾನೂನು. ಒಬ್ಬರೇ ಪಾಲಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನೀವೆಲ್ಲ ಒಂದಾದದ್ದರಿಂದಲೇ ಅದು ನಡೆಯಿತು.

ಅಮಲಿಗಾಗಿ ಮೂಸುತ್ತಾರೆಂದು ಮಕ್ಕಳ ಕೈಗೆ ಪಂಕ್ಚರ್ ಸೊಲ್ಯೂಶನ್ ಕೊಡದ ಸೈಕಲ್ ಅಂಗಡಿಯ ಅಣ್ಣನಿಗೂ ಶರಣು. ಮೂಸಿದ ಹುಡುಗನನ್ನು ಬೆನ್ನಟ್ಟಬೇಡಿ, ಬೆದರಿಸಬೇಡಿ. ಆ ಹೊತ್ತಿನಲ್ಲಿ ಗಾಬರಿಯಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಕುಸಿಯಬಹುದು. ಮೆತ್ತಗೆ ಮಾತಾಡಿಸಿ ಗಾಳಿ ಬರುವಲ್ಲಿ ಕೂರಿಸಿ.

ದೊಡ್ಡ ಋಣ ತಾಯಂದಿರದು. ಅಮಲೇರಿ ಬಿದ್ದವನ ಬಗ್ಗೆ "ಗೊರಕೆ ಹೊಡೀತಾನ, ಮಲಗಲಿ ಬಿಡ್ರಿ" ಅನ್ನುವ ಮಾತನ್ನು ನಂಬದೆ ಹತ್ತಿರ ಹೋಗಿ ನೋಡುವುದನ್ನು ಕಲಿತಿರಿ. ಬೆರಳ ಗಂಟಿನಿಂದ ಎದೆಮೂಳೆ ಗಟ್ಟಿಯಾಗಿ ಉಜ್ಜಿದರೂ ಏಳದಿದ್ದರೆ, ಗಂಟಲು ಗೊರಗೊರ ಅನ್ನುತ್ತಿದ್ದರೆ, ತುಟಿ, ಉಗುರು ನೀಲಿಯಾಗಿದ್ದರೆ, ನಿಮಿಷಕ್ಕೆ ಹತ್ತು ಉಸಿರೂ ಇಲ್ಲದಿದ್ದರೆ ಅದು ನಿದ್ದೆಯಲ್ಲ. ತಕ್ಷಣ 108. ಉಸಿರಿದ್ದರೆ ಎಡ ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ಬಾಯಿ ನೆಲದ ಕಡೆ ಇರಲಿ. ಮಜ್ಜಿಗೆ, ಲಿಂಬೆ ನೀರು, ಹುಣಸೆ ನೀರು ಯಾವುದೂ ಬೇಡ. ಎಚ್ಚರವಿಲ್ಲದವನ ಬಾಯಿಗೆ ಹುಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಏನು ತಿಂದ, ಏನು ಚುಚ್ಚಿಕೊಂಡ ಅನ್ನುವುದನ್ನು ಮುಚ್ಚಿಡದೆ ಗುಳಿಗೆಯ ಖಾಲಿ ಹಾಳೆಯನ್ನೂ ಜೊತೆಗೆ ಕೊಟ್ಟು ಕಳಿಸಿ. ಮರ್ಯಾದೆಯ ಮಾತು ಆಮೇಲೆ.

ಅಫೀಮಿನ ಜಾತಿಯ ಅಮಲಾಗಿದ್ದರೆ ಆ ಅಮಲನ್ನು ಇಳಿಸುವ ನಲಾಕ್ಸೋನ್ ಚುಚ್ಚುಮದ್ದಿಗೆ ಕೆಲವೇ ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಅಲ್ಲೇ ಮೋಸ ಇರುವುದು. ಮದ್ದಿನ ಬಲ ಅರ್ಧದಿಂದ ಒಂದೂವರೆ ತಾಸು, ಒಳಗಿನ ಅಮಲು ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. "ಎದ್ದು ಕುಂತಾನಲ್ಲ" ಎಂದು ಮನೆಗೆ ಕರೆತಂದರೆ ದಾರಿಯಲ್ಲೇ ಉಸಿರು ನಿಂತೀತು. ಡಾಕ್ಟರು ಬಿಡುವ ತನಕ ಕೂತ ಎಲ್ಲ ಕಾಕಾಗಳಿಗೆ, ಮಾವಂದಿರಿಗೆ ನಮಸ್ಕಾರ.

ಚಿಕಿತ್ಸೆ ಮುಗಿಸಿ, ಇಲ್ಲವೇ ಜೈಲಿನಿಂದ ಬಂದ ಮೊದಲ ಕೆಲವು ವಾರ ಎಲ್ಲಕ್ಕಿಂತ ಅಪಾಯದ ಕಾಲ. ಅಮಲನ್ನು ತಡೆದುಕೊಳ್ಳುವ ಹಳೆಯ ಶಕ್ತಿಯನ್ನು ಮೈ ಕಳಕೊಂಡಿರುತ್ತದೆ, ಕೈ ಮಾತ್ರ ಹಳೆಯ ಅಳತೆಯನ್ನು ಮರೆತಿರುವುದಿಲ್ಲ. ಆ ವಾರಗಳಲ್ಲಿ ಅವರನ್ನು ದಿನಾ ಚಹಾಕ್ಕೆ ಕರೆದ ಗೆಳೆಯರಿಗೆ, ಮಗ್ಗಕ್ಕೆ ಮತ್ತೆ ಕೂರಿಸಿಕೊಂಡ ಮಾಲೀಕರಿಗೆ ಏನು ಹೇಳಿದರೂ ಕಡಿಮೆಯೇ.

ರೇಷನ್ ಅಂಗಡಿ ಗೋಡೆಯ ಮೇಲೆ ಬರೆದ ನಂಬರುಗಳನ್ನು ಫೋನಿನಲ್ಲೂ ಇಟ್ಟುಕೊಳ್ಳಿ: ಚಟ ಬಿಡಲು ಸಲಹೆಗೆ 14446, ಮನಸ್ಸಿನ ಸಂಕಟಕ್ಕೆ 14416. ಮಳೆಗೆ ಸುಣ್ಣ ಎದ್ದಿದೆ, ಮನೆಯಲ್ಲಿ ಬಣ್ಣ ಉಳಿದಿರುವವರು ತಂದುಕೊಟ್ಟರೆ ಈ ಭಾನುವಾರ ಮತ್ತೆ ಬರೆಸುತ್ತೇವೆ.