ಮಗಳಿಗೊಂದು ಪತ್ರ: ಕುಟುಂಬದಲ್ಲಿ ಯಾರಿಗಾದರೂ ಇತ್ತೇ?

ಪ್ರೀತಿಯ ಮಗಳೇ,

ಮನೋವೈದ್ಯರು ತುಂಬಿ ತರಲು ಹೇಳಿದ ನಮೂನೆಯಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ?’ ಎಂಬ ಪ್ರಶ್ನೆಯಿದೆ, ಅದಕ್ಕೆ ಏನು ಬರೆಯಲಿ ಎಂದು ಕೇಳಿದ್ದೀಯೆ. ಫೋನಿನಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ‘ಇತ್ತು’ ಎಂದು ಬರೆ. ಯಾರಿಗೆ ಎನ್ನುವ ಕಡೆ ‘ತಾಯಿಗೆ’ ಎಂದು ಬರೆ.

ನೀನು ಹುಟ್ಟಿ ಕೆಲವು ವಾರಗಳಾದ ಮೇಲೆ ನನಗೆ ಖಿನ್ನತೆ ಬಂತು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಸಣ್ಣಗಾಗುವುದು ಬಹಳಷ್ಟು ತಾಯಂದಿರಿಗೆ ಆಗುತ್ತದೆ ಮತ್ತು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ, ನನ್ನದು ಇಳಿಯಲಿಲ್ಲ. ನೀನು ಗಾಢವಾಗಿ ಮಲಗಿರುತ್ತಿದ್ದ ನಸುಕಿನಲ್ಲಿ ನನಗೆ ಎಚ್ಚರವಾಗಿಬಿಡುತ್ತಿತ್ತು, ಮತ್ತೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ತಲೆ ಬಾಚಿಕೊಳ್ಳಲೆಂದು ಬಾಚಣಿಗೆ ಕೈಗೆತ್ತಿಕೊಂಡವಳು ಮುಂದೇನು ಮಾಡಬೇಕೆಂದು ತೋಚದೆ ಅದನ್ನು ಹಿಡಿದುಕೊಂಡೇ ಕೂತಿರುತ್ತಿದ್ದೆ. ನಿನಗೆ ಹಾಲೂಡಿಸುವುದು, ಬಟ್ಟೆ ಬದಲಿಸುವುದು, ಸ್ನಾನ ಮಾಡಿಸುವುದು ಒಂದೂ ತಪ್ಪಲಿಲ್ಲ. ಆದರೆ ಮಗುವಿನ ಮುಖ ಕಂಡರೆ ತಾಯಿಗೆ ಉಕ್ಕಿ ಬರುತ್ತದೆ ಎನ್ನುತ್ತಾರಲ್ಲ, ಅದು ಮಾತ್ರ ಬರುತ್ತಿರಲಿಲ್ಲ. ನೋಡಲು ಬಂದವರೊಡನೆ ನಗುನಗುತ್ತಲೇ ಮಾತನಾಡುತ್ತಿದ್ದೆ, ಅಳು ತಡೆಯದಾದಾಗ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದೆ.

ಇದನ್ನು ಓದಿ ‘ನನ್ನಿಂದಲೇ ಅಮ್ಮನಿಗೆ ಹಾಗಾಯಿತು’ ಎಂದುಕೊಳ್ಳುವವಳು ನೀನು. ಹಾಗೆ ಅಂದುಕೊಳ್ಳಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆಗಷ್ಟೇ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ, ಹೆಚ್ಚಾಗಿ ಖಿನ್ನತೆಯಿಂದ, ಬಳಲುತ್ತಾರೆ. ಹಾರ್ಮೋನುಗಳ ಹಠಾತ್ ಇಳಿತ, ತುಂಡು ತುಂಡಾದ ನಿದ್ದೆ, ಇಂಥ ಕಾಯಿಲೆಗೆ ಬೇಗ ತುತ್ತಾಗುವ, ಮೊದಲೇ ಇದ್ದ ಒಲವು, ಎಲ್ಲ ಕೂಡಿ ಆದದ್ದು ಅದು. ಅದರಲ್ಲಿ ಮಗುವಿನ ಪಾಲು ಹುಟ್ಟಿದ್ದಷ್ಟೇ.

ಅಜ್ಜನ ಬಗ್ಗೆಯೂ ನೀನು ಕೇಳಿದ್ದೆ. ಅವರು ತಿಂಗಳುಗಟ್ಟಲೆ ಯಾರೊಡನೆಯೂ ಮಾತಿಲ್ಲದೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದದ್ದು, ಆಮೇಲೆ ಒಂದು ದಿನ ಏನೂ ಆಗಿಲ್ಲವೆಂಬಂತೆ ಎದ್ದು ಕೆಲಸಕ್ಕೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಮನೆಯಲ್ಲಿ ಅದಕ್ಕೆ ‘ಅವರ ಸ್ವಭಾವವೇ ಹಾಗೆ’ ಎನ್ನುತ್ತಿದ್ದರು. ತೀರಿಕೊಂಡವರಿಗೆ ಈಗ ಕಾಯಿಲೆಯ ಹೆಸರು ಕೊಡುವ ಅಧಿಕಾರ ನನಗಿಲ್ಲ. ಕಂಡದ್ದನ್ನು ಕಂಡಂತೆ ವೈದ್ಯರಿಗೆ ಹೇಳು, ತೀರ್ಮಾನ ಅವರಿಗಿರಲಿ. ಇದಕ್ಕೆ ವಿರುದ್ಧವಾದುದನ್ನೂ ಅವರು ಕೇಳುತ್ತಾರೆ: ಮನೆಯಲ್ಲಿ ಯಾರಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿಯದೆ, ಮೈಮೇಲೆ ಬಂದವರಂತೆ ಮಾತನಾಡುತ್ತ, ಕೈಗೆ ಬಂದಷ್ಟು ಖರ್ಚು ಮಾಡುತ್ತ ಇದ್ದದ್ದುಂಟೇ ಎಂದು. ನಾನು ಕಂಡಂತೆ ಇಲ್ಲ. ಈ ಪ್ರಶ್ನೆ ಕುತೂಹಲಕ್ಕೆ ಕೇಳುವುದಲ್ಲ. ಮನಸ್ಸು ಒಮ್ಮೆ ಕುಸಿದು ಒಮ್ಮೆ ಮಿತಿಮೀರಿ ಏರುವ ಬೈಪೋಲಾರ್ ಕಾಯಿಲೆಯಿದ್ದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಆ ಏರು ಇನ್ನಷ್ಟು ಕೆರಳಬಹುದು. ನನಗೆ ಯಾವ ಔಷಧ ಹಿಡಿಸಿತು ಎಂಬುದನ್ನೂ ತಿಳಿಸು. ಹತ್ತಿರದ ಸಂಬಂಧಿಗೆ ಒಗ್ಗಿದ್ದನ್ನು ವೈದ್ಯರು ಗಣನೆಗೆ ತೆಗೆದುಕೊಳ್ಳುವುದುಂಟು. ಹಳೆಯ ಚೀಟಿಯ ಚಿತ್ರ ತೆಗೆದು ಕಳಿಸುತ್ತೇನೆ.

ಹಾಗಾದರೆ ಇದು ನನ್ನಿಂದ ನಿನಗೆ ಬಂತೇ? ಅವಳಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2000ದಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಖಿನ್ನತೆಯಲ್ಲಿ ಆನುವಂಶಿಕತೆಯ ಪಾಲನ್ನು ಸುಮಾರು ಶೇಕಡಾ 37 ಎಂದು ಅಂದಾಜಿಸಿತು. ಇದು ಜನರ ನಡುವಿನ ವ್ಯತ್ಯಾಸವನ್ನು ಕುರಿತ ಲೆಕ್ಕ. ತಾಯಿಗೆ ಬಂದರೆ ಮಗಳಿಗೆ ಬರುವ ಸಂಭವ ಶೇಕಡಾ 37 ಎಂದು ಓದಿಕೊಳ್ಳಬಾರದು. ಒಲವು ನನ್ನಿಂದ ಬಂದಿರಬಹುದು. ಒಲವಿದ್ದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಬಂದವರೆಲ್ಲರಿಗೂ ಒಲವಿರುವುದಿಲ್ಲ. ಅಂದಹಾಗೆ, ಥೈರಾಯ್ಡ್ ಕಡಿಮೆಯಾದರೂ ರಕ್ತಹೀನತೆಯಿದ್ದರೂ ಇದೇ ದಣಿವು, ಇದೇ ಮಂಕು ಕಾಣಿಸಿಕೊಳ್ಳುವುದರಿಂದ ರಕ್ತಪರೀಕ್ಷೆ ಬರೆದುಕೊಟ್ಟರೆ ಬೇಸರಪಡದೆ ಮಾಡಿಸಿಕೋ.

ನಿನ್ನನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ ಬೇರೆ. ‘ಮಾತ್ರೆ ತೆಗೆದುಕೊಂಡರೆ ನಾನು ನಾನಾಗಿ ಉಳಿಯುತ್ತೇನೆಯೇ’ ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ನೀನು ಮಾತು ಬದಲಿಸಿದೆ. ನನ್ನ ಅನುಭವವನ್ನು ಹೇಳುತ್ತೇನೆ. ಮೊದಲ ವಾರ ಹೊಟ್ಟೆ ತೊಳಸಿತು, ಬಾಯಿ ಒಣಗಿತು, ಗುಣ ಮಾತ್ರ ಏನೂ ಕಾಣಲಿಲ್ಲ. ಈ ಔಷಧಗಳ ರೀತಿಯೇ ಹಾಗೆ: ತೊಂದರೆ ಮೊದಲು ಬರುತ್ತದೆ, ಉಪಯೋಗ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಆಮೇಲೆ ಒಂದು ಸಂಜೆ ನಿನ್ನ ಅಪ್ಪ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ನನಗೆ ಸಿಟ್ಟು ಬಂತು. ಅಷ್ಟು ತಿಂಗಳಿನಿಂದ ಯಾವುದಕ್ಕೂ ಸಿಟ್ಟಾಗದವಳು ಅಂದು ಮನಸಾರೆ ಜಗಳವಾಡಿದೆ, ಅವರು ಬೈಸಿಕೊಳ್ಳುತ್ತಲೇ ನಕ್ಕರು. ಮರಳಿ ಬಂದವಳು ನನಗೆ ಮೊದಲಿನಿಂದ ಪರಿಚಯವಿದ್ದವಳೇ.

ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಿ ನಿನ್ನನ್ನು ನಂಬಿಸಲಾರೆ. ಕೆಲವರಿಗೆ ಮಾತ್ರೆಯಿಂದ ದುಃಖದ ಜೊತೆಗೆ ಸಂತೋಷವೂ ಮೊಂಡಾದಂತೆ ಅನಿಸುತ್ತದೆ. ಹಾಗಾದರೆ ಸಹಿಸಿಕೊಂಡು ಕೂರಬೇಡ, ವೈದ್ಯರಿಗೆ ಹೇಳು. ಪ್ರಮಾಣ ತಗ್ಗಿಸಬಹುದು, ಔಷಧ ಬದಲಿಸಬಹುದು, ಮಾತಿನ ಚಿಕಿತ್ಸೆಗೆ ಹೆಚ್ಚು ಒತ್ತು ಕೊಡಬಹುದು. ಮಾಡಬಾರದ್ದು ಒಂದೇ: ಚೆನ್ನಾಗಿದ್ದೇನೆ ಎನ್ನಿಸಿದ ದಿನವೇ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು. ಹಾಗೆ ನಿಲ್ಲಿಸಿದರೆ ತಲೆಸುತ್ತು, ಕಳವಳ ಶುರುವಾಗಬಹುದು, ಕಾಯಿಲೆಯೂ ಮರುಕಳಿಸಬಹುದು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ಮೆಲ್ಲಮೆಲ್ಲನೆ ಇಳಿಸುವುದು ಸಾಮಾನ್ಯ ಪದ್ಧತಿ.

ಕಾಯಿಲೆ ಯಾವುದು, ನೀನು ಯಾವುದು ಎಂದು ಬಿಡಿಸಿ ನೋಡುವಾಗ ಅವಸರ ಬೇಡ. ನೀನು ಚಿಕ್ಕಂದಿನಿಂದ ಮಿತಭಾಷಿ, ಗುಂಪಿನಲ್ಲಿ ಬೇಗ ದಣಿಯುವವಳು. ಅದು ನಿನ್ನ ಸ್ವಭಾವ, ಅದನ್ನು ಯಾವ ಮಾತ್ರೆಯಿಂದಲೂ ವಾಸಿಮಾಡಬೇಕಾಗಿಲ್ಲ. ಆದರೆ ನಿನಗೆ ಇಷ್ಟವಾದ ಚಿತ್ರಬಿಡಿಸುವ ಪುಸ್ತಕವನ್ನೂ ತೆರೆಯದೆ, ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕು ಹಿಡಿದಂತಿರುವುದು ಸ್ವಭಾವವಲ್ಲ. ಈ ಗೆರೆಯನ್ನು ಎಳೆಯುವಲ್ಲಿ ವೈದ್ಯಶಾಸ್ತ್ರವೇ ಎಡವಿದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ; ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ಒಳಗಿನ ಅರಿವಿಗೂ ಹೊಂದಿಕೆಯಾಗದಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆದ ಪರಿಷ್ಕೃತ ಪಟ್ಟಿ ಜಾರಿಗೆ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಎಷ್ಟೋ ಜನ ತಾವು ಇರುವ ಬಗೆಯನ್ನೇ ರೋಗವೆಂದು ಕರೆಸಿಕೊಂಡು ಬದುಕಿದರು, ಅದರಿಂದ ಬಂದ ಸಂಕಟಕ್ಕೆ ಮಾತ್ರ ಚಿಕಿತ್ಸೆ ಸಿಗಲಿಲ್ಲ. ನಾನು ಇದನ್ನು ಬರೆದದ್ದು ನಿನ್ನಿಂದ ಏನನ್ನೋ ಬಾಯಿ ಬಿಡಿಸಬೇಕೆಂದಲ್ಲ. ನಿನ್ನ ಬಗ್ಗೆ ನೀನಾಗಿ ಹೇಳಬೇಕೆನಿಸಿದ್ದು ಏನಿದ್ದರೂ, ಅದನ್ನು ಕೇಳಿ ನಾನು ಕಂಗಾಲಾಗುವುದಿಲ್ಲ ಎಂಬುದು ನಿನಗೆ ತಿಳಿದಿರಲಿ.

ಬಂಧುಬಳಗದವರೆಲ್ಲ ನಿನ್ನನ್ನು ‘ಗಟ್ಟಿಗಿತ್ತಿ’ ಎಂದು ಹೊಗಳುತ್ತಾ ಬಂದಿದ್ದಾರೆ. ನನಗೆ ಆ ಹೊಗಳಿಕೆ ಹಿಡಿಸುವುದಿಲ್ಲ. ಹಾಗೆ ಹೊಗಳಿಸಿಕೊಂಡ ಹುಡುಗಿ ಬಿದ್ದಾಗ ಯಾರನ್ನೂ ಕರೆಯುವುದಿಲ್ಲ, ಕರೆದರೆ ಆ ಹೆಸರು ಹೋಗುತ್ತದಲ್ಲ! ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದರು. ಬಡತನ, ಹೆತ್ತವರ ಕಾಯಿಲೆ, ಒಡೆದ ಸಂಸಾರ ಇಂಥ ಹಲವು ಕಷ್ಟಗಳು ಒಟ್ಟಿಗೆ ಬಿದ್ದ ಮಕ್ಕಳಲ್ಲಿಯೂ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ಅವರ ಮೇಲೆ ಅಕ್ಕರೆಯಿಟ್ಟು ಕೈಬಿಡದೆ ನಿಂತ ಕನಿಷ್ಠ ಒಬ್ಬ ಹಿರಿಯರು. ಅಜ್ಜಿಯಾಗಲಿ, ನೆರೆಯವರಾಗಲಿ, ಟೀಚರಾಗಲಿ, ಯಾರಾದರೂ ಸರಿ. ನನಗೆ ಇನ್ನೂ ಹೆಚ್ಚು ಸಮಾಧಾನ ಕೊಟ್ಟದ್ದು ಅದೇ ಅಧ್ಯಯನದ ಮುಂದಿನ ಭಾಗ: ಹದಿಹರೆಯದಲ್ಲಿ ದಾರಿ ತಪ್ಪಿದವರು, ಕುಸಿದವರು ಎನಿಸಿಕೊಂಡವರಲ್ಲಿ ಬಹುಪಾಲು ಮಂದಿ ಮೂವತ್ತು ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು. ಒಬ್ಬಂಟಿಯಾಗಿ ಹಲ್ಲುಕಚ್ಚಿ ತಡೆದುಕೊಳ್ಳುವುದೇ ಗಟ್ಟಿತನವಾಗಿದ್ದರೆ, ನಲ್ಲಿ ತಿರುಗಿಸಿ ಅಳುತ್ತಿದ್ದಾಗ ನಾನು ಮಹಾ ಗಟ್ಟಿಗಿತ್ತಿ. ನಾನು ಗುಣವಾಗತೊಡಗಿದ್ದು ಪಕ್ಕದ ಮನೆಯಾಕೆ ಬಾಗಿಲು ಹಾಕಿಕೊಂಡು ‘ನಿನಗೆ ಏನಾಗಿದೆ, ನಿಜ ಹೇಳು’ ಎಂದು ಕೇಳಿ, ನಾನು ಹೇಳಿ ಮುಗಿಸುವವರೆಗೆ ಒಂದು ಬುದ್ಧಿಮಾತನ್ನೂ ಆಡದೆ ಕೂತ ದಿನದಿಂದ.

ಆಕೆ ಕೇಳಿದಂತೆಯೇ ನಾನೂ ನೇರವಾಗಿ ಕೇಳುತ್ತೇನೆ. ಸಾಯಬೇಕು ಎನ್ನುವ ಯೋಚನೆ ನಿನಗೆ ಬರುತ್ತಿದೆಯೇ? ಬದುಕು ಸಾಕೆನಿಸಿ, ಏನಾದರೂ ಮಾಡಿಕೊಳ್ಳುವ ದಾರಿಯನ್ನು ಮನಸ್ಸು ಹುಡುಕುತ್ತಿದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಜನ ಹೆದರುತ್ತಾರೆ; ಅಧ್ಯಯನಗಳಲ್ಲಿ ಆ ಹೆದರಿಕೆಗೆ ಆಧಾರ ಸಿಕ್ಕಿಲ್ಲ, ಕೇಳಿಸಿಕೊಂಡವರ ಭಾರ ಇಳಿದದ್ದೇ ಹೆಚ್ಚು. ‘ಹೌದು’ ಎಂದರೂ ನಾನು ಕೂಗಾಡುವುದಿಲ್ಲ, ಆಣೆ ಹಾಕಿಸಿಕೊಳ್ಳುವುದಿಲ್ಲ. ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ವಿಶೇಷವಾಗಿ ಎಚ್ಚರವಿರು. 25 ವರ್ಷದೊಳಗಿನವರಲ್ಲಿ ಆರಂಭದಲ್ಲಿ ಇಂಥ ಯೋಚನೆಗಳು ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ 2004ರಲ್ಲಿ, 18ರಿಂದ 24ರ ವಯಸ್ಸಿನವರ ವಿಷಯದಲ್ಲಿ 2007ರಲ್ಲಿ, ಮಾತ್ರೆಯ ಮಾಹಿತಿಯಲ್ಲಿಯೇ ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ಮಾತ್ರೆಯೇ ಬೇಡವೆನ್ನಲು ಇದು ಕಾರಣವಲ್ಲ. ಆ ವಾರಗಳಲ್ಲಿ ಒಬ್ಬಳೇ ಇರಬೇಡ ಎನ್ನಲು ಕಾರಣ. ಚಡಪಡಿಕೆ ಹೆಚ್ಚಾಗಿ, ನಿದ್ದೆ ಕೆಟ್ಟು, ಆ ಯೋಚನೆ ಬಲವಾದರೆ ಹೊತ್ತುಗೊತ್ತು ನೋಡದೆ ನನಗೆ ಫೋನ್ ಮಾಡು; ನಾನು ಬರುವವರೆಗೆ ತಾಳಲಾಗದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗು.

ಅಪ್ಪನಿಗೆ ನಿನ್ನ ವಿಷಯ ಇನ್ನೂ ಹೇಳಿಲ್ಲ. ಹೇಳಲೇ, ನೀನೇ ಹೇಳುತ್ತೀಯಾ, ಎಷ್ಟು ಹೇಳಬೇಕು ಎಂಬುದನ್ನು ತಿಳಿಸು. ಮುಂದಿನ ಭೇಟಿಗೆ ನಾನು ಬರಬೇಕಾದರೆ ರಜೆ ಹಾಕಿ ಬರುತ್ತೇನೆ. ವೈದ್ಯರ ಕೋಣೆಯೊಳಗೆ ಬಂದು ಕೂರು ಎಂದರೆ ಕೂರುತ್ತೇನೆ, ಹೊರಗಿರು ಎಂದರೆ ಹೊರಗಿರುತ್ತೇನೆ, ಏನು ಮಾತಾಯಿತೆಂದು ದಾರಿಯಲ್ಲಿ ಕೇಳುವುದಿಲ್ಲ. ದಿನ, ವೇಳೆ ಗೊತ್ತಾದೊಡನೆ ಬರೆ.

ನಿನ್ನ
ಅಮ್ಮ