ಎರಡು ಮಿಲಿಮೀಟರ್

ಪ್ರೀತಿಯ ನಾಲ್ಕಾಣೆಗೆ,

ಇದನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ಆ ಕೊಡೆಯ ಪ್ರಸಂಗ ತೆಗೆದು ಮಾತು ಮರೆಸಿಬಿಡುತ್ತೀಯ.

ದಾವಣಗೆರೆಯಲ್ಲಿ ಸಿಕ್ಕಾಗ ಕೇಳಿದ್ದೆಯಲ್ಲ, ಐದು ವರ್ಷ ಕಟ್ಟಡ ಕಟ್ಟುವುದನ್ನು ಕಲಿತವರು ಗಿಡ ನೆಡುವುದಕ್ಕೆ ಮತ್ತೆರಡು ವರ್ಷ ಅಹಮದಾಬಾದ್‌ವರೆಗೆ ಹೋಗಬೇಕೇ ಎಂದು? ನಾನು ಅಲ್ಲಿ ಕಲಿಯುತ್ತಿರುವ ಭೂದೃಶ್ಯ ವಿನ್ಯಾಸದಲ್ಲಿ (ಲ್ಯಾಂಡ್‌ಸ್ಕೇಪ್ ಡಿಸೈನ್) ಗಿಡ ಬರುವುದು ಕೊನೆಗೆ. ಮೊದಲು ಇಳಿಜಾರು, ಮಣ್ಣು, ನೀರಿನ ದಾರಿ ಎಲ್ಲವನ್ನೂ ಬೇರೆ ಬೇರೆ ಪಾರದರ್ಶಕ ಹಾಳೆಗಳಲ್ಲಿ ಬರೆದು ಒಂದರ ಮೇಲೊಂದು ಹಾಸಬೇಕು. ಪೆನ್ಸಿಲ್ವೇನಿಯಾದಲ್ಲಿ ಪಾಠ ಹೇಳುತ್ತಿದ್ದ ಇಯಾನ್ ಮೆಕ್‌ಹಾರ್ಗ್ 1960ರ ದಶಕದಲ್ಲಿ ಈ ಕ್ರಮಕ್ಕೆ ಹೆಸರು ತಂದುಕೊಟ್ಟರು. ಎಲ್ಲಿ ಕಟ್ಟಬಾರದೋ ಆ ಜಾಗ, ಹಾಳೆಗಳ ಛಾಯೆಗಳೆಲ್ಲ ಒಂದರ ಮೇಲೊಂದು ಸೇರಿ, ತಾನಾಗಿ ಕಪ್ಪಾಗುತ್ತದೆ.

ಈ ಸಲದ ಅಭ್ಯಾಸಕ್ಕೆ ನಮ್ಮ ಚಿತ್ರದುರ್ಗವನ್ನೇ ಆರಿಸಿಕೊಂಡೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಓಡುತ್ತದೆ. ಕೋಟೆ ಕಟ್ಟಿದವರು ಆ ಓಟವನ್ನೇ ಪಳಗಿಸಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಮತ್ತೆ ಕೆಳಗೆ ಪೇಟೆಯ ಸಂತೆಹೊಂಡಕ್ಕೆ. ಆ ಮೆಟ್ಟಿಲುಗಳ ಮೇಲೆ ಎಷ್ಟು ಕಡಲೆಕಾಯಿ ಸುಲಿದಿದ್ದೇವೆ! ನಾಲ್ಕೂ ಒಂದೇ ನೀರಿನ ತಂಗುದಾಣಗಳು ಎಂದು ನಮಗೆ ಹೊಳೆಯಲೇ ಇಲ್ಲ.

ಪತ್ರವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ.

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳನ್ನು ಹಿಡಿದು ತಗ್ಗುಗಳನ್ನು ಜೋಡಿಸುತ್ತಾ ಹೋದಾಗ ಒಂದು ನೀಲಿ ಗೆರೆ ನಮ್ಮ ಬೀದಿಗೆ ಬಂತು, ನಮ್ಮ ಅಡುಗೆಮನೆಯನ್ನು ಹಾದುಹೋಯಿತು. ಅಪ್ಪ ಸಾಲ ಮಾಡಿ ಕೊಂಡ ನಿವೇಶನ ಅದು. ಲಾರಿಗಟ್ಟಲೆ ಮಣ್ಣು ಹೊಡೆಸಿ ಎತ್ತರಿಸಿದ್ದು ನಿನಗೂ ನೆನಪಿರಬೇಕು, ಆ ಮಣ್ಣಿನ ರಾಶಿಯ ಮೇಲೆ ಜಾರಾಡಿದವರು ನಾವೇ. ನಾನು ಆ ಗೆರೆಯನ್ನು ಎರಡು ಮಿಲಿಮೀಟರ್ ಪಕ್ಕಕ್ಕೆ ಎಳೆದೆ. ಯಾರೂ ಗಮನಿಸಲಿಲ್ಲ.

1:5000 ಅಳತೆಯ ನಕ್ಷೆಯಲ್ಲಿ ಅದು ನೆಲದ ಮೇಲೆ ಹತ್ತು ಮೀಟರ್. ಹತ್ತು ಮೀಟರ್ ಆಚೆಗಿರುವುದು ಯಾರ ಮನೆ ಎಂದು ನಿನಗೆ ಗೊತ್ತು. ಜೋರು ಮಳೆ ಬಂದಾಗಲೆಲ್ಲ ಅವರ ನಡುಮನೆಯಿಂದ ಬಕೆಟ್‌ಗಳಲ್ಲಿ ನೀರು ಎತ್ತಿ ಹಾಕುತ್ತಿದ್ದೆವು, ಅಜ್ಜಿ ಮಂಡಕ್ಕಿ ಕೊಡುತ್ತಿದ್ದರು. ಪಾಪ, ಅವರ ಮನೆ ತಗ್ಗಿನಲ್ಲಿದೆ ಎಂದುಕೊಂಡೇ ಬೆಳೆದೆವು. ನಮ್ಮದು ಎತ್ತರವಾದ ಮೇಲೆ ಅವರದು ತಗ್ಗಾಯಿತು, ಗೆಳೆಯ. ಅವರ ಮಂಡಕ್ಕಿ ತಿಂದ ಕೈಯಿಂದಲೇ ನಕ್ಷೆಯಲ್ಲೂ ನೀರನ್ನು ಅವರ ಮನೆಗೆ ತಿರುಗಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಗೆರೆಯನ್ನು ಈಗ ಅದರ ಜಾಗಕ್ಕೆ ತಂದಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಇರಲಿ, ಹಬ್ಬಕ್ಕೆ ಬರುತ್ತೇನೆ. ಮೊದಲು ದಾವಣಗೆರೆಯಲ್ಲಿ ಇಳಿದು ಬೆಣ್ಣೆ ದೋಸೆ. ಎರಡನೆಯದರ ದುಡ್ಡು ನಿನ್ನದು. ಮರುದಿನ ಇಬ್ಬರೂ ದುರ್ಗಕ್ಕೆ ಹೋಗೋಣ. ಗೋಪಾಲಸ್ವಾಮಿ ಹೊಂಡದಿಂದ ನಮ್ಮ ಬೀದಿಯವರೆಗೆ ನೀರಿನ ಹಿಂದೆಯೇ ನಡೆಯಬೇಕು, ಅಜ್ಜಿಯ ಮನೆಗೂ ಹೋಗಬೇಕು. ಮಳೆ ಬಂದರೆ ಇನ್ನೂ ಒಳ್ಳೆಯದು.

ಕೊಡೆ ಮಾತ್ರ ನೀನು ತರಬೇಡ.