ಸೆಲೆಸ್ಟಾ ನಡುವೆ ಚಿಪ್ಸ್ ಪೊಟ್ಟಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಸಂಜೆ ಮೈಸೂರಿನ ಸಭಾಂಗಣವೊಂದರಲ್ಲಿ ಪಾಶ್ಚಾತ್ಯ ವಾದ್ಯವೃಂದದ ಕಛೇರಿ ಇತ್ತು. ರಷ್ಯದ ಸಂಗೀತಕಾರ ಚೈಕೊವ್‌ಸ್ಕಿಯ ಬ್ಯಾಲೆ (ನೃತ್ಯನಾಟಕ) ಸಂಗೀತವೇ ಹೆಚ್ಚು. ‘ಸ್ವಾನ್ ಲೇಕ್’ನ ಓಬೊ ಎಂಬ ಊದುವಾದ್ಯದ ಎಳೆ ಶುರುವಾದಾಗ ಸಭೆಯೆಲ್ಲ ಗಪ್‌ಚಿಪ್. ಆಮೇಲೆ 1892ರ ‘ನಟ್‌ಕ್ರ್ಯಾಕರ್’. ಅದರಲ್ಲಿ ಸೆಲೆಸ್ಟಾ ಬರುತ್ತದೆ: ನೋಡಲು ಪುಟ್ಟ ಪಿಯಾನೊ, ಒಳಗೆ ತಂತಿಯ ಬದಲು ಲೋಹದ ಪಟ್ಟಿಗಳು, ದೂರದಲ್ಲೆಲ್ಲೋ ಗೆಜ್ಜೆ ಅಲುಗಿದಂಥ ನಾದ. ಸರಿಯಾಗಿ ಆಗಲೇ ಹಿಂದಿನ ಸಾಲಿನಲ್ಲಿ ಯಾರೋ ಪರ್ರೆಂದು ಚಿಪ್ಸ್ ಪೊಟ್ಟಣ ಹರಿದರು!

ಅದನ್ನಾದರೂ ಸಹಿಸಬಹುದು. ಕಾರ್ಯಕ್ರಮದ ಹಾಳೆ, ನಿರೂಪಣೆ ಎರಡೂ ಬರೀ ಇಂಗ್ಲಿಷಿನಲ್ಲಿ. ಪಕ್ಕದಲ್ಲಿದ್ದ ಹಿರಿಯರು, ‘ಇದರ ಕಥೆ ಏನು ಸ್ವಾಮಿ?’ ಎಂದು ಮೆಲ್ಲಗೆ ಕೇಳಿದರು. ರಾಜಕುಮಾರಿ ಹಂಸವಾದ ‘ಸ್ವಾನ್ ಲೇಕ್’ ಕಥೆಯನ್ನು ನಾನು ಪಿಸುಗುಟ್ಟಿದೆ. ಮುಂದಿನ ಸಾಲಿನವರು ತಿರುಗಿ ಗುರಾಯಿಸಿದರು. ತಪ್ಪು ನನ್ನದೇ, ಒಪ್ಪಿಕೊಂಡೆ.

ಈ ಸಂಗೀತ ನಮ್ಮೂರಿಗೆ ಹೊಸತಲ್ಲ. ದಸರೆಯಲ್ಲಿ ಪೊಲೀಸ್ ಬ್ಯಾಂಡ್‌ನ ಇಂಗ್ಲಿಷ್ ವಾದ್ಯಗಳನ್ನು ಕೇಳಿಯೇ ಬೆಳೆದವರು ನಾವು. ಜಯಚಾಮರಾಜ ಒಡೆಯರ್ ರಷ್ಯದ ಸಂಗೀತಕಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. 1950ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳ ಮೊದಲ ಪ್ರಯೋಗಕ್ಕೂ ನೆರವಾದವರು. ಅಂಥ ಊರಿನಲ್ಲಿ ಕನ್ನಡದ ಒಂದು ಹಾಳೆಗೆ ಬರವೇ?

ಮುಂದಿನ ಕಛೇರಿಗೆ ಪ್ರತಿ ಕೃತಿಗೂ ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿಸಲಿ. ತಿಂಡಿ ಮಾರಾಟ ವಿರಾಮದಲ್ಲಿ ಮಾತ್ರ ಇರಲಿ.

– ಸಂಗೀತಾಸಕ್ತ, ಸರಸ್ವತಿಪುರಂ, ಮೈಸೂರು